ಪಿಕಪ್ ಮೇಲಿನ ಕ್ಯಾಂಪರ್‌ಗೆ ಯಾವ ಟೈ-ಡೌನ್, ಯಾವ ಟರ್ನ್‌ಬಕಲ್?

ಪಿಕಪ್‌ನ ಹಿಂಬದಿಯ ಸರಕು ತೊಟ್ಟಿಯಲ್ಲಿ, ಅಂದರೆ ಬೆಡ್ಡಿನಲ್ಲಿ, ಕೂರಿಸುವ ಪುಟ್ಟ ಮನೆಯಂಥ ಟ್ರಕ್ ಕ್ಯಾಂಪರ್ ಕೊಳ್ಳುವಾಗ ಒಲೆ, ಹಾಸಿಗೆ, ಸೋಲಾರ್, ಬ್ಯಾಟರಿ ಬಗ್ಗೆ ವಾರಗಟ್ಟಲೆ ವಿಚಾರಿಸುವವರು ಅದನ್ನು ಪಿಕಪ್‌ಗೆ ಬಿಗಿಯುವ ಸಾಮಾನಿನ, ಅಂದರೆ ಟೈ-ಡೌನ್‌ಗಳ ಬಗ್ಗೆ ಕೇಳುವುದು ಕೊನೆಯ ದಿನ. ಆಗ ಕಣ್ಣಮುಂದೆ ಬರುವ ಹೆಸರುಗಳು ಒಂದೆರಡಲ್ಲ: ಫ್ರೇಮ್ ಮೌಂಟ್, ಬೆಡ್ ಮೌಂಟ್, ಬೆಲ್ಲಿ ಬಾರ್, ಸಾದಾ ಟರ್ನ್‌ಬಕಲ್, ಸ್ಪ್ರಿಂಗ್ ಟರ್ನ್‌ಬಕಲ್ (ಟರ್ನ್‌ಬಕಲ್ ಎಂದರೆ ತಿರುಗಿಸಿ ಬಿಗಿಯುವ ಕೊಂಡಿ). ಬೆಲೆ ನೂರು ಡಾಲರಿನ ಆಸುಪಾಸಿನಿಂದ ಎರಡು ಸಾವಿರದವರೆಗೆ. ಅಮೆರಿಕ, ಕೆನಡಾದಲ್ಲಿದ್ದು ಮೊದಲ ಕ್ಯಾಂಪರ್ ಕೊಳ್ಳಲು ಹೊರಟ ಕನ್ನಡಿಗರಿಗೆ ಇದರಲ್ಲಿ ಯಾವುದು ತಮಗೆ ಬೇಕು, ಯಾವುದು ಬೇಡ ಎಂದು ತೀರ್ಮಾನಿಸಲು ಬೇಕಾದ ವಿವರ ಇಲ್ಲಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಹೆಚ್ಚಿನವರು ಟರ್ನ್‌ಬಕಲ್ ಆರಿಸಿ, ಆಮೇಲೆ ಅದನ್ನು ಎಲ್ಲಿಗೆ ಸಿಕ್ಕಿಸುವುದು ಎಂದು ಹುಡುಕುತ್ತಾರೆ. ಅದು ತಿರುಗುಮುರುಗು. ಟ್ರಕ್ಕಿನ ಯಾವ ಭಾಗಕ್ಕೆ ಕಟ್ಟುತ್ತೀರಿ ಎಂಬುದು ಮೊದಲು ಇತ್ಯರ್ಥವಾಗಬೇಕು. ಟರ್ನ್‌ಬಕಲ್ ಸ್ಪ್ರಿಂಗಿನದೋ ಸಾದಾದೋ ಎಂಬುದಕ್ಕೆ ಉತ್ತರ ಅಲ್ಲಿಂದಲೇ ಬರುತ್ತದೆ.

ತೂಗಿ ನೋಡಬೇಕಾದ ಸಂಗತಿಗಳು

ಸ್ಲೈಡ್-ಇನ್ ಕ್ಯಾಂಪರ್ ಟ್ರಕ್ಕಿಗೆ ಬೋಲ್ಟ್ ಹಾಕಿ ಕೂರಿಸಿದ ಭಾಗವಲ್ಲ. ನಾಲ್ಕು ಜ್ಯಾಕ್‌ಗಳ ಮೇಲೆ ಎತ್ತಿ ನಿಲ್ಲಿಸಿ, ಟ್ರಕ್ಕನ್ನು ಅದರಡಿಗೆ ರಿವರ್ಸ್ ತಂದು, ಬೆಡ್ಡಿನ ಮೇಲೆ ಇಳಿಸಿದ ಹೊರೆ ಅದು. ತೂಕವನ್ನೆಲ್ಲ ಬೆಡ್ಡಿನ ನೆಲ ಹೊರುತ್ತದೆ. ಜಾರದಂತೆ, ಪುಟಿಯದಂತೆ, ವಾಲದಂತೆ ಹಿಡಿಯುವುದು ನಾಲ್ಕು ಮೂಲೆಯ ಟೈ-ಡೌನ್‌ಗಳ ಕೆಲಸ.

ಹಿಡಿಯಬೇಕಾದ ಬಲ ಎಷ್ಟು? ಅಮೆರಿಕದ ವಾಣಿಜ್ಯ ಲಾರಿಗಳಿಗಿರುವ ಹೊರೆ ಭದ್ರತೆಯ ನಿಯಮವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಬ್ರೇಕ್ ಹೊಡೆದಾಗ ಮುಂದಕ್ಕೆ 0.8 ಜಿ, ಹಿಂದಕ್ಕೆ 0.5 ಜಿ, ಪಕ್ಕಕ್ಕೆ 0.5 ಜಿ ತಡೆಯಬೇಕು ಎನ್ನುತ್ತದೆ ಅದು. ಒಂದು ಜಿ ಎಂದರೆ ಹೊರೆಯ ತೂಕದಷ್ಟೇ ಬಲ. ನೀರು, ಗ್ಯಾಸ್, ಸಾಮಾನು ತುಂಬಿದ 3,000 ಪೌಂಡಿನ, ಅಂದರೆ ಸುಮಾರು 1,360 ಕೆಜಿಯ ಕ್ಯಾಂಪರ್ ಜೋರು ಬ್ರೇಕಿಗೆ 2,400 ಪೌಂಡ್ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ತಿರುವಿನಲ್ಲಿ 1,500 ಪೌಂಡ್ ಬಲದಿಂದ ಪಕ್ಕಕ್ಕೆ ಸರಿಯಲು ನೋಡುತ್ತದೆ. ಮುಂದಿನ ನೂಕನ್ನು ಬೆಡ್ಡಿನ ಮುಂಗೋಡೆ ತಡೆಯುತ್ತದೆ, ಪಕ್ಕದ್ದರಲ್ಲಿ ಒಂದು ಪಾಲನ್ನು ತಳದ ಘರ್ಷಣೆ ಹೊರುತ್ತದೆ. ಮೇಲಕ್ಕೆ ಎತ್ತುವ ಬಲಕ್ಕೆ ಮಾತ್ರ ಟೈ-ಡೌನ್ ಬಿಟ್ಟರೆ ಬೇರೆ ದಿಕ್ಕಿಲ್ಲ. ಹೆದ್ದಾರಿಯ ಎದುರುಗಾಳಿ, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಟ್ರೇಲರ್‌ಗಳ ಗಾಳಿಯ ಹೊಡೆತ ಕ್ಯಾಬಿನ ಮೇಲೆ ಚಾಚಿದ ಹಾಸಿಗೆ ಭಾಗದ ಅಡಿಗೆ ನುಗ್ಗಿ ಮೂತಿಯನ್ನು ಎತ್ತುತ್ತದೆ. ಆದ್ದರಿಂದ ಮುಂದಿನ ಎರಡು ಟೈ-ಡೌನ್‌ಗಳಿಗೆ ಹಿಂದಿನವಕ್ಕಿಂತ ಕಷ್ಟದ ಕೆಲಸ.

ಇಷ್ಟು ತಿಳಿದ ಮೇಲೆ ನಿಮ್ಮ ವಿಷಯದಲ್ಲಿ ನೋಡಬೇಕಾದ್ದು ಇವು. ಕ್ಯಾಂಪರಿನ ತೂಕ, ಅದೂ ಬ್ರೋಷರಿನ ಖಾಲಿ ತೂಕವಲ್ಲ, ಪ್ರಯಾಣಕ್ಕೆ ಸಿದ್ಧವಾದಾಗ ವೇಬ್ರಿಡ್ಜಿನಲ್ಲಿ ತೂಗಿದ್ದು. ಬೆಡ್ ಉಕ್ಕಿನದೋ, ಅಲ್ಯೂಮಿನಿಯಮ್ಮೋ, ನಾರು ಸೇರಿಸಿದ ಪ್ಲಾಸ್ಟಿಕ್ಕಿನ ಕಾಂಪೊಸಿಟ್ಟೋ. ಓಡಾಟ ಡಾಂಬರು ರಸ್ತೆಯಲ್ಲೋ, ಅಲೆಅಲೆಯಾಗಿ ಏರಿಳಿತ ಬಿದ್ದ ಮಣ್ಣುದಾರಿಯಲ್ಲೋ. ಕ್ಯಾಂಪರನ್ನು ವಾರಕ್ಕೊಮ್ಮೆ ಇಳಿಸುತ್ತೀರೋ, ಬೇಸಿಗೆಯೆಲ್ಲ ಟ್ರಕ್ಕಿನ ಮೇಲೇ ಇರುತ್ತದೋ. ಕ್ಯಾಂಪರಿನಲ್ಲಿರುವ ಆಂಕರ್‌ಗಳ, ಅಂದರೆ ಟರ್ನ್‌ಬಕಲ್ ಸಿಕ್ಕಿಸುವ ಹಿಡಿಗಳ ಸ್ಥಿತಿ ಹೇಗಿದೆ. ಕೊನೆಯದಾಗಿ ದುಡ್ಡು.

ಇವೆಲ್ಲಕ್ಕೂ ಮುಂಚೆ ಚಾಲಕನ ಬಾಗಿಲ ಕಂಬದ ಮೇಲಿನ ಹಳದಿ-ಬಿಳಿ ಸ್ಟಿಕ್ಕರ್ ಓದಿ. ಜನ ಮತ್ತು ಹೊರೆ ಸೇರಿ ಎಷ್ಟು ತೂಕ ಮೀರಬಾರದು ಎಂದು ಅದರಲ್ಲಿದೆ. ಕ್ಯಾಂಪರಿನ ಗುರುತ್ವಕೇಂದ್ರ ಹಿಂದಿನ ಆಕ್ಸಲ್‌ಗಿಂತ ಮುಂದೆ, ಟ್ರಕ್ ತಯಾರಕರು ಸೂಚಿಸಿದ ವಲಯದ ಒಳಗೆ ಬೀಳಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಎಷ್ಟು ದುಬಾರಿ ಟೈ-ಡೌನ್ ಹಾಕಿದರೂ ಪ್ರಯೋಜನವಿಲ್ಲ. ಅದು ಕಟ್ಟಿ ಸರಿಮಾಡುವ ತೊಂದರೆಯಲ್ಲ.

ಫ್ರೇಮಿಗೆ ಕಟ್ಟುವುದು

ಟ್ರಕ್ಕಿನ ಅಡಿಯ ಉಕ್ಕಿನ ಚೌಕಟ್ಟಿಗೆ ಬ್ರ್ಯಾಕೆಟ್ ಬೋಲ್ಟ್ ಮಾಡಿ, ಅಲ್ಲಿಂದ ಬೆಡ್ಡಿನ ಪಕ್ಕದಾಚೆಗೆ ಚಾಚುವ ತೋಳುಗಳಿಗೆ ಟರ್ನ್‌ಬಕಲ್ ಸಿಕ್ಕಿಸುವ ವ್ಯವಸ್ಥೆ ಇದು. ವಾಷಿಂಗ್ಟನ್ ರಾಜ್ಯದ ಟಾರ್ಕ್‌ಲಿಫ್ಟ್ ಕಂಪನಿಯದು ಈ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಇವರು ಟ್ರಕ್ಕಿನ ಮಾಡೆಲ್, ವರ್ಷ, ಬೆಡ್ಡಿನ ಉದ್ದ ನೋಡಿ ಬೇರೆಬೇರೆ ಬ್ರ್ಯಾಕೆಟ್ ಮಾಡುತ್ತಾರೆ. ಹಾಗಾಗಿ ಪಕ್ಕದ ಮನೆಯವರ ಹಳೆ ಟ್ರಕ್ಕಿನದು ನಿಮ್ಮದಕ್ಕೆ ಕೂರುವ ಸಂಭವ ಕಡಿಮೆ. ಬಹಳಷ್ಟು ಟ್ರಕ್‌ಗಳಲ್ಲಿ ಹೊಸ ತೂತು ಕೊರೆಯುವ ಅಗತ್ಯವಿಲ್ಲ, ಫ್ರೇಮಿನಲ್ಲಿ ಮೊದಲೇ ಇರುವ ರಂಧ್ರಗಳಿಗೇ ಬೋಲ್ಟ್ ಬೀಳುತ್ತದೆ. ಸಾಕೆಟ್ ಸೆಟ್ಟು, ಟಾರ್ಕ್ ರೆಂಚು, ಅಡಿಗೆ ನುಸುಳಲು ಜಾಗ ಇದ್ದರೆ ಅರ್ಧ ದಿನದಲ್ಲಿ ಮನೆಯಲ್ಲೇ ಮುಗಿಸಬಹುದು.

ಇದರ ದೊಡ್ಡ ಲಾಭ, ಎಳೆತವೆಲ್ಲ ಫ್ರೇಮಿಗೆ ಹೋಗುತ್ತದೆ. ಬೆಡ್ ಎಂಬುದು ಕೆಲವೇ ಬೋಲ್ಟ್‌ಗಳ ಮೇಲೆ ಫ್ರೇಮಿಗೆ ಕೂತ ತೆಳು ತಗಡಿನ ತೊಟ್ಟಿ. ಕೆಳಮುಖದ ಭಾರ ಹೊರಲು ಅದನ್ನು ಮಾಡಿದ್ದಾರೆ. ಅದರ ಪಕ್ಕದ ಗೋಡೆಯನ್ನು ಹಿಡಿದು ಮೇಲಕ್ಕೆ ಎಳೆಯಲಿ ಎಂದಲ್ಲ. ಬೆಡ್ ಕಾಂಪೊಸಿಟ್ ಆಗಿದ್ದರಂತೂ ಬೇರೆ ಯೋಚನೆಗೆ ಆಸ್ಪದ ಕಡಿಮೆ. ಟೊಯೊಟಾ ಟಕೋಮಾದ್ದು 2005ರಿಂದ, ಟಂಡ್ರಾದ್ದು 2022ರಿಂದ ಕಾಂಪೊಸಿಟ್ ಬೆಡ್. ಅಲ್ಯೂಮಿನಿಯಂ ಬೆಡ್ಡಿನ ಫೋರ್ಡ್‌ಗಳಿಗೂ, ಅಂದರೆ 2015ರಿಂದ ಈಚಿನ ಎಫ್-150 ಮತ್ತು 2017ರಿಂದ ಈಚಿನ ಸೂಪರ್ ಡ್ಯೂಟಿಗೂ, ನಮ್ಮ ಸಲಹೆ ಫ್ರೇಮೇ.

ತೊಂದರೆಗಳೂ ಇವೆ. ಮೊದಲನೆಯದು ಬೆಲೆ. ನಾಲ್ಕು ಬ್ರ್ಯಾಕೆಟ್‌ಗಳ ಜೊತೆಗೆ ನಾಲ್ಕು ಸ್ಪ್ರಿಂಗ್ ಟರ್ನ್‌ಬಕಲ್ ಸೇರಿದರೆ ಈಚಿನ ಬೆಲೆಗಳಲ್ಲಿ ಸುಮಾರು 1,500ರಿಂದ 2,000 ಡಾಲರ್ ಆಗುತ್ತದೆ. ಎರಡನೆಯದು, ಹೊರಗೆ ಚಾಚಿದ ತೋಳು. ಕ್ಯಾಂಪರ್ ಇಲ್ಲದ ದಿನ ಪಿನ್ ತೆಗೆದು ಕಳಚಿಡದಿದ್ದರೆ ಮೊಣಕಾಲಿಗೆ ಬಡಿಯುತ್ತದೆ, ಕಡಿದಾದ ಕಲ್ಲುದಾರಿಯಲ್ಲಿ ಬಂಡೆಗೆ ಸಿಕ್ಕುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಆ ತೋಳು ತನ್ನ ಗೂಡಿನೊಳಗೇ ತುಕ್ಕು ಹಿಡಿದು ಅಂಟಿಕೊಳ್ಳುವುದು ಮಾಮೂಲು, ಅದಕ್ಕೆ ಆಂಟಿ-ಸೀಜ್ ಪೇಸ್ಟ್ ಹಚ್ಚಿಟ್ಟಿರಬೇಕು. ಮೂರನೆಯದು ಹಿಂಬದಿಯ ಬ್ರ್ಯಾಕೆಟ್ಟು. ಎಷ್ಟೋ ಮಾಡೆಲ್‌ಗಳಲ್ಲಿ ಅದು ಟ್ರೇಲರ್ ಹಿಚ್ಚಿನ ಹತ್ತಿರವೇ ಬರುತ್ತದೆ. ಕಾರ್ಖಾನೆಯ ಹಿಚ್ ತೆಗೆದು ಬೇರೆಯದು ಹಾಕಿಸಿದ್ದರೆ ಆರ್ಡರ್ ಕೊಡುವ ಮುಂಚೆ ಆ ಹಿಚ್ಚಿನ ಮಾಡೆಲ್ ಹೇಳಿ ವಿಚಾರಿಸಿ. ನಾಲ್ಕು ಹಿಂಚಕ್ರದ ಡ್ಯುಯಲಿ ಟ್ರಕ್ಕಾದರೆ ಉಬ್ಬಿದ ಫೆಂಡರ್ ತಪ್ಪಿಸುವಷ್ಟು ಉದ್ದದ ತೋಳು ಬೇಕು.

ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ಫ್ರೇಮಿಗೆ ಕಟ್ಟಿದರೆ ಸಸ್ಪೆನ್ಷನ್ ಕುಗ್ಗಿ ಹಿಗ್ಗಿದಾಗ ಟರ್ನ್‌ಬಕಲ್ ಸಡಿಲವಾಗುತ್ತದೆ ಎಂದು. ಹಾಗಾಗುವುದಿಲ್ಲ. ಫ್ರೇಮೂ ಬೆಡ್ಡೂ ಎರಡೂ ಸ್ಪ್ರಿಂಗಿನ ಮೇಲಿರುವ ಭಾಗಗಳು, ಒಟ್ಟಿಗೇ ಏರಿಳಿಯುತ್ತವೆ. ನಿಜವಾದ ಚಲನೆ ಬೇರೆ. ಒಂದು ಚಕ್ರ ಗುಂಡಿಗೆ ಇಳಿದಾಗ ಫ್ರೇಮ್ ತಿರುಚುತ್ತದೆ, ಬೆಡ್ ಅಷ್ಟೇ ತಿರುಚುವುದಿಲ್ಲ. ಕ್ಯಾಂಪರ್ ಕೂತಿರುವುದು ಬೆಡ್ಡಿನ ಮೇಲೆ, ಕಟ್ಟಿರುವುದು ಫ್ರೇಮಿಗೆ. ಆದ್ದರಿಂದ ಒಂದು ಮೂಲೆಯ ಟರ್ನ್‌ಬಕಲ್ ಕ್ಷಣಕಾಲ ಅತಿಯಾಗಿ ಬಿಗಿಯುತ್ತದೆ, ಇನ್ನೊಂದು ಸಡಿಲಗೊಳ್ಳುತ್ತದೆ. ಫ್ರೇಮ್ ಮೌಂಟಿಗೆ ಸ್ಪ್ರಿಂಗ್ ಟರ್ನ್‌ಬಕಲ್ ಬೇಕೇ ಬೇಕು ಎನ್ನುವುದು ಈ ಕಾರಣಕ್ಕೆ. ಹಣ ಉಳಿಸಲು ಫ್ರೇಮ್ ಬ್ರ್ಯಾಕೆಟ್ ಹಾಕಿಸಿ ಸಾದಾ ಟರ್ನ್‌ಬಕಲ್ ಸಿಕ್ಕಿಸಿದವರ ಕ್ಯಾಂಪರಿನ ಆಂಕರ್‌ಗಳು ಮರದ ಸಮೇತ ಕಿತ್ತು ಬರುವುದುಂಟು. ಸಸ್ಪೆನ್ಷನ್ನಿಂದ ನಿಜವಾಗಿ ಅಪಾಯ ಬರುವುದು ಆಕ್ಸಲ್ಲಿಗೋ ಲೀಫ್ ಸ್ಪ್ರಿಂಗಿಗೋ ಚೈನು ಕಟ್ಟಿದಾಗ. ಅದನ್ನು ಎಂದೂ ಮಾಡಬೇಡಿ.

ಬೆಡ್ಡಿಗೆ ಕಟ್ಟುವುದು

ಬೆಡ್ಡಿನ ಅಂಚಿನಲ್ಲಿರುವ ಚೌಕ ಗುಳಿಗಳಿಗೆ, ಅಂದರೆ ಸ್ಟೇಕ್ ಪಾಕೆಟ್‌ಗಳಿಗೆ, ಕೂರಿಸುವ ಆಂಕರ್‌ಗಳು ಒಂದು ಬಗೆ. ಬ್ರೋಫಿ ಎಂಬ ಹೆಸರಿನಲ್ಲಿ ಸಿಗುವವು ಇಂಥವು. ಬೆಡ್ಡಿನ ಮುಂಗೋಡೆಯ ಮೂಲೆಗೆ ಬೋಲ್ಟ್ ಮಾಡುವ ಬ್ರ್ಯಾಕೆಟ್ ಇನ್ನೊಂದು ಬಗೆ, ಹ್ಯಾಪಿಜ್ಯಾಕ್ ಹೆಸರಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಬೆಲೆ ಫ್ರೇಮ್ ಮೌಂಟಿನ ಒಂದು ಪಾಲು ಮಾತ್ರ. ಹಾಕುವುದು ಸುಲಭ, ತೆಗೆಯುವುದೂ ಸುಲಭ, ಟ್ರಕ್ ಮಾರಿದರೆ ಹೆಚ್ಚಿನವನ್ನು ಮುಂದಿನ ಟ್ರಕ್ಕಿಗೆ ಒಯ್ಯಬಹುದು.

ಇದರಲ್ಲಿ ಒಂದು ಅನುಕೂಲವನ್ನು ಫ್ರೇಮ್ ಮೌಂಟಿನ ಪರ ವಾದಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕ್ಯಾಂಪರ್ ಬೆಡ್ಡಿನ ಮೇಲೆ ಕೂತು ಬೆಡ್ಡಿಗೇ ಕಟ್ಟಿದ್ದರೆ ಎರಡೂ ಒಟ್ಟಿಗೆ ಅಲುಗಾಡುತ್ತವೆ, ಫ್ರೇಮ್ ತಿರುಚಿದರೂ ಟರ್ನ್‌ಬಕಲ್ಲಿನ ಬಿಗಿತ ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿ ಸಾದಾ ಟರ್ನ್‌ಬಕಲ್ ಸಾಕು.

ಮಿತಿ ತಗಡಿನದು. ಭಾರದ ಕ್ಯಾಂಪರಿನ ಮುಂದಿನ ಟೈ-ಡೌನ್ ಮತ್ತೆಮತ್ತೆ ಮೇಲಕ್ಕೆ ಎಳೆದರೆ ಬೆಡ್ಡಿನ ಪಕ್ಕ ಮೊದಲು ಹೊರಕ್ಕೆ ಉಬ್ಬುತ್ತದೆ, ಆಮೇಲೆ ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಕೊನೆಗೆ ತೂತು ದೊಡ್ಡದಾಗಿ ಕಿತ್ತುಬರುತ್ತದೆ. ಬಣ್ಣ ಸಿಪ್ಪೆಯೇಳುವುದು ಮೊದಲ ಸೂಚನೆ. ಅದು ಕಂಡಾಗಲೇ ನಿಲ್ಲಿಸಬೇಕು. ಉಕ್ಕಿನ ಬೆಡ್, ಸುಮಾರು 1,500 ಪೌಂಡ್‌ವರೆಗಿನ ಪಾಪ್-ಅಪ್ (ಛಾವಣಿ ಮೇಲಕ್ಕೆತ್ತಿ ಇಳಿಸುವ) ಕ್ಯಾಂಪರ್, ಡಾಂಬರು ರಸ್ತೆ, ಈ ಮೂರೂ ಕೂಡಿದ್ದರೆ ಬೆಡ್ ಮೌಂಟ್ ನ್ಯಾಯವಾದ ಆಯ್ಕೆ. ಇದು ನಮ್ಮ ಗೆರೆ, ಕಾನೂನಿನದಲ್ಲ. ಮೂರರಲ್ಲಿ ಒಂದು ತಪ್ಪಿದರೂ ನಾವು ಇದನ್ನು ಹೇಳುವುದಿಲ್ಲ. ಟ್ರಕ್ಕಿನ ಜೊತೆಗೇ ಬರುವ ಸಣ್ಣ ಸರಕು ಕೊಂಡಿಗಳಿಗಂತೂ ಕ್ಯಾಂಪರ್ ಕಟ್ಟಬೇಡಿ. ಅವು ಬೈಕು, ಪೆಟ್ಟಿಗೆ ಕಟ್ಟಲು ಇರುವಂಥವು.

ಬೆಡ್ಡಿನ ನೆಲಕ್ಕೆ ಐ-ಬೋಲ್ಟ್

ಫೋರ್ ವೀಲ್ ಕ್ಯಾಂಪರ್ಸ್‌ನಂಥ ಹಗುರ ಪಾಪ್-ಅಪ್‌ಗಳಲ್ಲಿ ಟರ್ನ್‌ಬಕಲ್‌ಗಳು ಹೊರಗೆ ಕಾಣುವುದೇ ಇಲ್ಲ. ಬೆಡ್ಡಿನ ನೆಲದಲ್ಲಿ ನಾಲ್ಕು ಐ-ಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್) ಹಾಕಿ, ಕ್ಯಾಂಪರಿನ ಪಕ್ಕದ ಪುಟ್ಟ ಬಾಗಿಲುಗಳಿಂದ ಕೈಹಾಕಿ ಒಳಗೇ ಟರ್ನ್‌ಬಕಲ್ ಬಿಗಿಯುತ್ತಾರೆ. ಹೊರಗೆ ಏನೂ ಚಾಚಿಲ್ಲವಾದ್ದರಿಂದ ಕಿರಿದಾದ ಕಾಡುದಾರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕದಿಯುವವರ ಕಣ್ಣಿಗೂ ಬೀಳುವುದಿಲ್ಲ, ಖರ್ಚೂ ಕಡಿಮೆ.

ಎಲ್ಲ ನಿಂತಿರುವುದು ಐ-ಬೋಲ್ಟಿನ ಗುಣಮಟ್ಟದ ಮೇಲೆ. ಹಾರ್ಡ್‌ವೇರ್ ಅಂಗಡಿಯ ತಂತಿ ಬಾಗಿಸಿ ಮಾಡಿದ ಐ-ಬೋಲ್ಟ್ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಬೇಕಾದ್ದು ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಒತ್ತಿ ರೂಪಿಸಿದ, ಬಳೆಯ ಬುಡದಲ್ಲಿ ಅಗಲವಾದ ಭುಜವಿರುವ ಐ-ಬೋಲ್ಟ್. ಅರ್ಧ ಇಂಚಿನ ಒಳ್ಳೆಯ ಫೋರ್ಜ್ಡ್ ಐ-ಬೋಲ್ಟಿಗೆ ನೇರ ಎಳೆತದಲ್ಲಿ 2,600 ಪೌಂಡ್ ಕೆಲಸದ ಮಿತಿ, ಅಂದರೆ ಸುರಕ್ಷಿತವಾಗಿ ಹಾಕಬಹುದಾದ ಗರಿಷ್ಠ ಎಳೆತ, ಇರುತ್ತದೆ. ಆದರೆ ಅದನ್ನೇ 45 ಡಿಗ್ರಿ ಓರೆಯಲ್ಲಿ ಎಳೆದರೆ ಮಿತಿ ಶೇ 30ಕ್ಕೆ, ಅಂದರೆ 780 ಪೌಂಡಿಗೆ ಇಳಿಯುತ್ತದೆ. ಅದೂ ಭುಜ ನೆಲಕ್ಕೆ ಪೂರ್ತಿ ಒತ್ತಿ ಕೂತಿದ್ದರೆ ಮಾತ್ರ. ಭುಜವಿಲ್ಲದ ಬೋಲ್ಟನ್ನು ಓರೆಯಾಗಿ ಎಳೆಯಲೇಬಾರದು. ಕ್ಯಾಂಪರಿನ ಆಂಕರ್ ಮತ್ತು ಬೆಡ್ಡಿನ ಬೋಲ್ಟ್ ಆದಷ್ಟು ಒಂದೇ ಲಂಬರೇಖೆಗೆ ಹತ್ತಿರ ಇರಬೇಕು ಎನ್ನುವುದಕ್ಕೆ ಈ ಲೆಕ್ಕವೇ ಕಾರಣ.

ಕೊರೆಯುವ ಮುಂಚೆ ಅಡಿಗೆ ಹೋಗಿ ನೋಡಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲಿ ಹಾದಿದೆ ಎಂದು ಗುರುತು ಹಾಕಿಕೊಂಡು ಆಮೇಲೆ ಡ್ರಿಲ್ ಹಿಡಿಯಿರಿ. ನೆಲದ ಅಡಿಯಲ್ಲಿ ಪ್ರತಿ ಬೋಲ್ಟಿಗೆ ಕನಿಷ್ಠ 4 ಇಂಚು ಚೌಕದ, ಕಾಲಿಂಚು ದಪ್ಪದ ಉಕ್ಕಿನ ಪ್ಲೇಟ್ ಕೊಡಿ, ಬರೀ ವಾಷರ್ ಸಾಲದು. ನೈಲಾನ್ ಲಾಕ್‌ನಟ್ ಹಾಕಿ. ಕೊರೆದ ಅಂಚಿಗೆ ಬಣ್ಣ ಬಳಿಯಿರಿ. ಅಲ್ಯೂಮಿನಿಯಂ ಬೆಡ್ಡಾದರೆ ಉಕ್ಕಿನ ಪ್ಲೇಟು ಅದಕ್ಕೆ ನೇರ ತಾಗಬಾರದು, ನಡುವೆ ರಬ್ಬರ್ ಅಥವಾ ನೈಲಾನ್ ಹಾಳೆ ಇರಬೇಕು. ಇಲ್ಲದಿದ್ದರೆ ನೀರು ಉಪ್ಪು ಸೇರಿ ಅಲ್ಯೂಮಿನಿಯಮ್ಮನ್ನು ಬಿಳಿ ಪುಡಿಯಾಗಿ ತಿನ್ನುತ್ತವೆ.

ಈ ವಿಧಾನದ ಗಂಭೀರ ದೋಷ, ಕಣ್ಣಿಗೆ ಬೀಳದಿರುವುದೇ. ಹೊರಗಿನ ಟರ್ನ್‌ಬಕಲ್ ಸಡಿಲವಾದರೆ ಪೆಟ್ರೋಲ್ ಬಂಕಿನಲ್ಲಿ ಕಾಣುತ್ತದೆ. ಒಳಗಿನದನ್ನು ನೋಡಲು ಬಾಗಿಲು ತೆರೆದು ಕೈಹಾಕಬೇಕು. ಆ ಶಿಸ್ತು ಇರುವವರಿಗೆ ಮಾತ್ರ ಇದು ಸರಿ.

ಬೆಲ್ಲಿ ಬಾರ್, ಬಂಪರ್, ಸ್ಟ್ರ್ಯಾಪ್

ಬೆಡ್ಡಿನ ಅಡಿಯಲ್ಲಿ ಅಡ್ಡಲಾಗಿ ಹಾಯುವ ಉಕ್ಕಿನ ಕಂಬಿ ಬೆಲ್ಲಿ ಬಾರ್. ಎರಡೂ ತುದಿಗೆ ಮುಂದಿನ ಟರ್ನ್‌ಬಕಲ್ ಸಿಕ್ಕುತ್ತದೆ. ಹಳೆ ಕ್ಯಾಂಪರ್ ಸೆಕೆಂಡ್‌ಹ್ಯಾಂಡ್ ಕೊಂಡರೆ ಜೊತೆಗೆ ಇದೇ ಸಿಗಬಹುದು. ಎರಡು ತುದಿಯೂ ಒಂದೇ ಕಂಬಿಯದ್ದಾದ್ದರಿಂದ ಒಂದು ಬದಿ ಸಡಿಲವಾದರೆ ಇನ್ನೊಂದು ಬದಿಯೂ ಹಿಡಿತ ಕಳೆದುಕೊಳ್ಳುತ್ತದೆ. ಹಗುರ ಕ್ಯಾಂಪರಿಗೆ, ಹತ್ತಿರದ ಪ್ರಯಾಣಕ್ಕೆ ನಡೆಯುತ್ತದೆ.

ಹಿಂದಿನ ಎರಡು ಮೂಲೆಗೆ ಬಂಪರಿನಲ್ಲಿ ಐ-ಬೋಲ್ಟ್ ಹಾಕುವ ಪದ್ಧತಿಯೂ ಇದೆ. ದಪ್ಪ ಉಕ್ಕಿನ ಹಳೆಯ ಬಂಪರ್‌ಗಳಿಗೆ ಅದು ಸರಿಹೊಂದುತ್ತಿತ್ತು. ತೆಳು ತಗಡು, ಪಾರ್ಕಿಂಗ್ ಸೆನ್ಸರ್ ಇರುವ ಈಗಿನ ಬಂಪರ್‌ಗಳಿಗೆ ಬೇಡ.

ರ್‍ಯಾಚೆಟ್ ಸ್ಟ್ರ್ಯಾಪ್ ಬಗ್ಗೆ ಕೇಳುವವರು ಬಹಳ. ಪಾಲಿಯೆಸ್ಟರ್ ಪಟ್ಟಿ ಹಿಗ್ಗುತ್ತದೆ, ಬೆಡ್ಡಿನ ಅಂಚಿಗೆ ಉಜ್ಜಿ ಹರಿಯುತ್ತದೆ, ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಡೀಲರಿನಿಂದ ಮನೆಗೆ ತರುವ ಒಂದು ದಿನಕ್ಕೆ, ನಿಧಾನವಾಗಿ, ನಾಲ್ಕಕ್ಕಿಂತ ಹೆಚ್ಚು ಪಟ್ಟಿ ಹಾಕಿ ಬರಬಹುದು. ಅದಕ್ಕಿಂತ ಮುಂದಕ್ಕೆ ಬೇಡ.

ಟರ್ನ್‌ಬಕಲ್ ಆರಿಸುವುದು

ಟರ್ನ್‌ಬಕಲ್ಲಿನ ಒಂದು ತುದಿಗೆ ಬಲಮರೆ (ಬಲಕ್ಕೆ ತಿರುಗುವ ಸ್ಕ್ರೂ ಸುತ್ತು), ಇನ್ನೊಂದಕ್ಕೆ ಎಡಮರೆ. ನಡುವಿನ ದೇಹ ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಒಳಗೆ ಬರುತ್ತವೆ. ಅದೇ ಸುಲಭದಲ್ಲಿ ರಸ್ತೆಯ ಅದುರಿಕೆಗೆ ಬಿಚ್ಚಿಕೊಳ್ಳಲೂ ಬಲ್ಲದು. ಹಾಗಾಗಿ ಸಾದಾ ಟರ್ನ್‌ಬಕಲ್ಲಿಗೆ ಲಾಕ್‌ನಟ್ ಇರಲೇಬೇಕು, ಎಡಮರೆಯ ಬದಿಗೆ ಎಡಮರೆಯ ನಟ್ಟೇ ಬೇಕು. ಲಾಕ್‌ನಟ್ ಇಲ್ಲದಿದ್ದರೆ ದೇಹದ ನಡುವೆ ತಂತಿ ಹಾಯಿಸಿ ಎರಡೂ ತುದಿಗೆ ಸುತ್ತಿ ಕಟ್ಟಿ.

ತುದಿ ಯಾವ ಆಕಾರದ್ದು ಎನ್ನುವುದರಿಂದ ಬಲ ಎಷ್ಟು ಬದಲಾಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಫೋರ್ಜ್ ಮಾಡಿದ 3/8 ಇಂಚಿನ ಟರ್ನ್‌ಬಕಲ್ಲಿಗೆ ಕೊಕ್ಕೆ ತುದಿಯಿದ್ದರೆ ಕೆಲಸದ ಮಿತಿ 1,000 ಪೌಂಡ್. ಬಳೆಯಂಥ ಕಣ್ಣು ತುದಿಯೋ, ಪಿನ್ ಹಾಕುವ ಕವಲಿನಂಥ ಜಾ ತುದಿಯೋ ಇದ್ದರೆ 1,200. ಅರ್ಧ ಇಂಚಿನದರಲ್ಲಿ ಕೊಕ್ಕೆಗೆ 1,500, ಕಣ್ಣು ಅಥವಾ ಜಾ ತುದಿಗೆ 2,200. ಅಂತರ ಅಲ್ಪವಲ್ಲ. ಕೊಕ್ಕೆಗೆ ಇನ್ನೊಂದು ಕೇಡಿದೆ: ಕ್ಯಾಂಪರ್ ಒಮ್ಮೆ ಪುಟಿದು ಸಡಿಲವಾದ ಕ್ಷಣದಲ್ಲಿ ಕಳಚಿ ಬೀಳಬಹುದು. ಪಿನ್ನೂ ಕಾಟರ್ ಪಿನ್ನೂ ಇರುವ ಜಾ ತುದಿ ಸಡಿಲವಾದರೂ ಕಳಚುವುದಿಲ್ಲ. ಸಾದಾ ಟರ್ನ್‌ಬಕಲ್ ಕೊಳ್ಳುವುದಾದರೆ ಅರ್ಧ ಇಂಚಿನ, ಫೋರ್ಜ್ ಮಾಡಿದ, ಎರಡೂ ತುದಿಗೆ ಜಾ ಇರುವ, ಮೈಮೇಲೆ ಮಿತಿ ಮುದ್ರಿಸಿರುವುದನ್ನು ಕೊಳ್ಳಿ. ಎರಕದ ಅಲ್ಯೂಮಿನಿಯಂ ದೇಹಕ್ಕೆ ಬಾಗಿಸಿದ ತಂತಿಯ ಕೊಕ್ಕೆ ಇರುವ, ಬೇಲಿ ಬಾಗಿಲಿಗೆ ಹಾಕುವಂಥದ್ದನ್ನು ಕ್ಯಾಂಪರಿಗೆ ಹಾಕಬಾರದು.

ಸ್ಪ್ರಿಂಗ್ ಟರ್ನ್‌ಬಕಲ್‌ಗಳಲ್ಲಿ ಟಾರ್ಕ್‌ಲಿಫ್ಟಿನ ಫಾಸ್ಟ್‌ಗನ್ ಮತ್ತು ಹ್ಯಾಪಿಜ್ಯಾಕಿನ ಕ್ವಿಕ್-ಲೋಡ್ ಹೆಚ್ಚು ಕಾಣಸಿಗುವವು. ಎರಡರಲ್ಲೂ ಮೂರು ಅನುಕೂಲ. ಒಳಗಿನ ಸ್ಪ್ರಿಂಗ್ ಫ್ರೇಮಿನ ತಿರುಚನ್ನು ನುಂಗಿಕೊಳ್ಳುತ್ತದೆ. ಹಿಡಿಕೆಯ ಲಿವರ್ ಎಳೆದು ಮುಚ್ಚಿದರೆ ಬಿಗಿ, ತೆರೆದರೆ ಸಡಿಲ, ಪ್ರತಿ ಸಲ ಹತ್ತಾರು ಸುತ್ತು ತಿರುಗಿಸಬೇಕಿಲ್ಲ. ಎಷ್ಟು ಬಿಗಿಯಾಗಿದೆ ಎಂಬುದನ್ನು ಸ್ಪ್ರಿಂಗ್ ಕುಗ್ಗಿದ ಅಳತೆಯಿಂದ ಕಣ್ಣಲ್ಲೇ ನೋಡಬಹುದು. ವಾರಕ್ಕೊಮ್ಮೆ ಕ್ಯಾಂಪರ್ ಇಳಿಸುವವರಿಗೆ ಎರಡನೆಯ ಅನುಕೂಲವೊಂದಕ್ಕೇ ಬೆಲೆ ಕೊಡಬಹುದು. ವರ್ಷಕ್ಕೆ ಎರಡು ಸಲ ಇಳಿಸುವವರು ಅದಕ್ಕಾಗಿ ಹಣ ಸುರಿಯಬೇಕಿಲ್ಲ.

ಸ್ಪ್ರಿಂಗಿನದ್ದರಲ್ಲಿ ಆಗುವ ತಪ್ಪು ಒಂದೇ, ಆದರೆ ಪದೇಪದೇ ಆಗುತ್ತದೆ. ಬಿಗಿಯಾದಷ್ಟೂ ಭದ್ರ ಎಂದುಕೊಂಡು ಸ್ಪ್ರಿಂಗ್ ಪೂರ್ತಿ ಕೂರುವವರೆಗೆ ಬಿಗಿಯುತ್ತಾರೆ. ಕೂತ ಸ್ಪ್ರಿಂಗ್ ಸ್ಪ್ರಿಂಗ್ ಅಲ್ಲ, ಆಗ ಅದು ಹೆಚ್ಚು ಬೆಲೆಯ ಸಾದಾ ಟರ್ನ್‌ಬಕಲ್ ಅಷ್ಟೇ. ತಯಾರಕರು ಹೇಳಿದ ಗುರುತಿನವರೆಗೆ ಮಾತ್ರ ಬಿಗಿಯಿರಿ. ಲಿವರ್ ಕೈಬಲದಲ್ಲಿ ಮುಚ್ಚದಿದ್ದರೆ ಪೈಪು ತೂರಿಸಿ ಒತ್ತಬೇಡಿ, ಒಂದೆರಡು ಸುತ್ತು ಸಡಿಲಿಸಿ ಮತ್ತೆ ಮುಚ್ಚಿ.

ಸ್ಟೇನ್‌ಲೆಸ್ ಬೇಕೇ, ಬಣ್ಣ ಲೇಪಿಸಿದ್ದು ಸಾಕೇ ಎಂಬುದಕ್ಕೆ ಉತ್ತರ ನೀವಿರುವ ಊರು. ಮಿನ್ನೆಸೋಟ, ಒಂಟಾರಿಯೊ, ಕರಾವಳಿ ಊರುಗಳಾದರೆ ಸ್ಟೇನ್‌ಲೆಸ್. ಅರಿಜೋನಾ ಕಡೆ ಲೇಪಿತವೇ ಸಾಕು. ಸ್ಟೇನ್‌ಲೆಸ್ ಮರೆಗಳು ಒಂದಕ್ಕೊಂದು ಉಜ್ಜಿ ಕಚ್ಚಿಕೊಂಡುಬಿಡುತ್ತವೆ, ಆಂಟಿ-ಸೀಜ್ ಹಚ್ಚದೆ ತಿರುಗಿಸಬೇಡಿ.

ಕ್ಯಾಂಪರಿನಿಂದ ಟ್ರಕ್ಕಿನವರೆಗಿನ ದೂರಕ್ಕೆ ಟರ್ನ್‌ಬಕಲ್ ಎಟುಕದಿದ್ದರೆ ಚೈನು ಜೋಡಿಸಬೇಕಾಗುತ್ತದೆ. ಕಾಲಿಂಚಿನ ಗ್ರೇಡ್ 30 ಚೈನಿನ ಕೆಲಸದ ಮಿತಿ 1,300 ಪೌಂಡ್, ಅದೇ ದಪ್ಪದ ಗ್ರೇಡ್ 70ರದ್ದು 3,150. ಚಿನ್ನದ ಬಣ್ಣದ ಲೇಪವಿರುವ ಎರಡನೆಯದನ್ನೇ ಕೊಳ್ಳಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬಣ್ಣಕ್ಕೆ ಬಡಿಯದಂತೆ ಹಳೆಯ ರಬ್ಬರ್ ಹೋಸ್ ತೊಡಿಸಿ.

ಎಲ್ಲಕ್ಕಿಂತ ದುರ್ಬಲವಾದ ಕೊಂಡಿ

ಎರಡು ಸಾವಿರ ಡಾಲರ್ ಸುರಿದು ಟ್ರಕ್ಕಿನ ಬದಿ ಭದ್ರ ಮಾಡಿದರೂ ಟರ್ನ್‌ಬಕಲ್ಲಿನ ಮೇಲಿನ ತುದಿ ಕ್ಯಾಂಪರಿನ ಆಂಕರಿಗೇ ಸಿಕ್ಕಬೇಕು. ಮರದ ಚೌಕಟ್ಟಿನ ಕ್ಯಾಂಪರ್‌ಗಳಲ್ಲಿ ಆ ಆಂಕರ್ ಬೋಲ್ಟ್ ಆಗಿರುವುದು ಬೆಡ್ಡಿನ ಪಕ್ಕದ ಗೋಡೆಗಳ ಮೇಲೆ ಹೊರಚಾಚಿದ ರೆಕ್ಕೆ ಭಾಗದ ಮರಕ್ಕೆ. ಮೂಲೆಯ ಸೀಲಂಟ್ ಬಿರಿದು ನೀರಿಳಿದಿದ್ದರೆ ಆ ಮರ ಒಳಗೇ ಕೊಳೆತಿರುತ್ತದೆ, ಹೊರಗಿನ ಫೈಬರ್‌ಗ್ಲಾಸ್ ನುಣ್ಣಗೇ ಕಾಣುತ್ತದೆ. ಹಳೆ ಕ್ಯಾಂಪರಾದರೆ ನಾಲ್ಕೂ ಆಂಕರಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಮೆತ್ತಗಿದ್ದರೆ, ಬೋಲ್ಟಿನ ಸುತ್ತ ಕಂದು ಕಲೆಯಿದ್ದರೆ ಮೊದಲ ದುಡ್ಡು ಆ ಮರದ ದುರಸ್ತಿಗೆ ಹೋಗಬೇಕು, ಟರ್ನ್‌ಬಕಲ್ಲಿಗೆ ಅಲ್ಲ. ಹಾರ್ಡ್‌ಸೈಡ್ (ಛಾವಣಿ ಮಡಚದ, ಗಟ್ಟಿ ಗೋಡೆಯ) ಕ್ಯಾಂಪರಿನ ಕೈಪಿಡಿಯಲ್ಲಿ ಯಾವ ಬಗೆಯ ಟೈ-ಡೌನ್ ಬಳಸಬೇಕು ಎಂದು ಬರೆದಿದ್ದರೆ ವಾರಂಟಿಯ ದೃಷ್ಟಿಯಿಂದ ಅದನ್ನೇ ಪಾಲಿಸಿ.

ಬೆಡ್ಡಿನ ನೆಲವನ್ನೂ ಮರೆಯಬೇಡಿ. ಪ್ಲಾಸ್ಟಿಕ್ ಡ್ರಾಪ್-ಇನ್ ಲೈನರ್ ಇದ್ದರೆ ತೆಗೆದುಬಿಡಿ, ಅದು ಜಾರುತ್ತದೆ. 3/8 ಇಂಚು ದಪ್ಪದ ರಬ್ಬರ್ ಮ್ಯಾಟ್ ಹಾಸಿ. ಪಕ್ಕದ ಬಲದಲ್ಲಿ ದೊಡ್ಡ ಪಾಲನ್ನು ಆ ಮ್ಯಾಟೇ ಹೊರುತ್ತದೆ, ಟರ್ನ್‌ಬಕಲ್ಲಿನ ಮೇಲಿನ ಹೊರೆ ಅಷ್ಟು ಇಳಿಯುತ್ತದೆ. ಕ್ಯಾಂಪರಿನ ಮುಂಭಾಗ ಮತ್ತು ಬೆಡ್ಡಿನ ಮುಂಗೋಡೆಯ ನಡುವೆ ಜಾಗ ಉಳಿದರೆ ರಬ್ಬರ್ ಹೊದಿಸಿದ ಮರದ ದಿಮ್ಮಿ ಕೊಡಿ. ಜಾಗ ಬಿಟ್ಟರೆ ಬ್ರೇಕಿನಲ್ಲಿ ಕ್ಯಾಂಪರ್ ಓಡಿಬಂದು ಗೋಡೆಗೆ ಅಪ್ಪಳಿಸುತ್ತದೆ.

ಯಾರಿಗೆ ಯಾವುದು

2,000 ಪೌಂಡ್ ಮೀರಿದ ಹಾರ್ಡ್‌ಸೈಡ್ ಕ್ಯಾಂಪರಾದರೆ ಫ್ರೇಮ್ ಮೌಂಟ್, ನಾಲ್ಕೂ ಸ್ಪ್ರಿಂಗ್ ಟರ್ನ್‌ಬಕಲ್. ಇಲ್ಲಿ ಹಣ ಉಳಿಸಲು ದಾರಿ ಹುಡುಕಬೇಡಿ. ತೀರಾ ಕಷ್ಟವಾದರೆ ಅದೇ ಮಾಡೆಲ್ ಟ್ರಕ್ಕಿನವರು ಮಾರುವ ಸೆಕೆಂಡ್‌ಹ್ಯಾಂಡ್ ಬ್ರ್ಯಾಕೆಟ್ ಕೊಂಡು ಬೋಲ್ಟ್‌ಗಳನ್ನು ಮಾತ್ರ ಹೊಸದು ಹಾಕಿ. ಟರ್ನ್‌ಬಕಲ್ ಬಣ್ಣ ಲೇಪಿತ ಇರಲಿ, ಸ್ಟೇನ್‌ಲೆಸ್ ಬೇಡ. ಉಳಿತಾಯ ಅಲ್ಲಿ ಮಾಡಬಹುದು.

ಟಕೋಮಾದಂಥ ಮಧ್ಯಮ ಗಾತ್ರದ ಟ್ರಕ್ಕಿಗೆ ಹಗುರ ಪಾಪ್-ಅಪ್ ಹಾಕಿ ಕಾಡುದಾರಿ ಹಿಡಿಯುವವರಿಗೆ ಆಯ್ಕೆ ಕಷ್ಟದ್ದು. ಹೊರಗೆ ಚಾಚಿದ ತೋಳು ಬೇಡ, ಕಾಂಪೊಸಿಟ್ ನೆಲಕ್ಕೆ ಬರೀ ಐ-ಬೋಲ್ಟ್ ನಂಬಲಾಗದು. ನೆಲದ ಮೂಲಕ ಹಾಯ್ದು ಅಡಿಯ ಫ್ರೇಮಿಗೋ ಉಕ್ಕಿನ ಅಡ್ಡಪಟ್ಟಿಗೋ ಬೋಲ್ಟ್ ಆಗುವ ಬ್ರ್ಯಾಕೆಟ್ ಕ್ಯಾಂಪರ್ ತಯಾರಕರಲ್ಲಿ ಸಿಗುತ್ತದೆಯೇ ಕೇಳಿ, ಅದೇ ಒಳ್ಳೆಯದು. ಉಕ್ಕಿನ ಬೆಡ್ಡಿನ ಟ್ರಕ್ಕಾದರೆ ಪ್ಲೇಟ್ ಕೊಟ್ಟ ಫೋರ್ಜ್ಡ್ ಐ-ಬೋಲ್ಟಿಗೆ ನಮ್ಮ ಒಪ್ಪಿಗೆ.

ಹಳೆಯ ಉಕ್ಕಿನ ಬೆಡ್, 1,000-1,500 ಪೌಂಡಿನ ಕ್ಯಾಂಪರ್, ವರ್ಷಕ್ಕೆ ಮೂರುನಾಲ್ಕು ಸಲ ಹತ್ತಿರದ ರಾಜ್ಯ ಉದ್ಯಾನಕ್ಕೆ ಹೋಗಿಬರುವ ಕುಟುಂಬವಾದರೆ ಸ್ಟೇಕ್ ಪಾಕೆಟ್ ಆಂಕರ್, ಅರ್ಧ ಇಂಚಿನ ಜಾ ಟರ್ನ್‌ಬಕಲ್, ಒಳ್ಳೆಯ ರಬ್ಬರ್ ಮ್ಯಾಟ್ ಸಾಕು. ಉಳಿದ ಸಾವಿರ ಡಾಲರಿನಲ್ಲಿ ಟೈರು ಬದಲಿಸಿ.

ಎರಡು ವರ್ಷದಲ್ಲಿ ಟ್ರಕ್ ಬದಲಿಸುವ ಯೋಚನೆ ಇದ್ದರೆ ಫ್ರೇಮ್ ಬ್ರ್ಯಾಕೆಟ್ ಮುಂದಿನ ಟ್ರಕ್ಕಿಗೆ ಬಾರದು ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಟರ್ನ್‌ಬಕಲ್ ಮಾತ್ರ ಬರುತ್ತದೆ.

ಬಿಗಿಯುವ ಕ್ರಮ

ಕ್ಯಾಂಪರ್ ಇಳಿಸಿ, ಚಕ್ರದ ಗೂಡಿನ ಎರಡೂ ಬದಿಯ ಅಂತರ ಸಮವಿದೆಯೇ ಅಳೆಯಿರಿ. ಮುಂಭಾಗ ದಿಮ್ಮಿಗೆ ತಾಗಿರಲಿ. ಜ್ಯಾಕ್‌ಗಳು ಪೂರ್ತಿ ಮೇಲೇರಿ ಭಾರವೆಲ್ಲ ಬೆಡ್ಡಿಗೆ ಬಂದ ಮೇಲೆ ನಾಲ್ಕೂ ಟರ್ನ್‌ಬಕಲ್ ಸಿಕ್ಕಿಸಿ, ಮೊದಲು ಕೈಯಲ್ಲಿ ಸಡಿಲು ತೆಗೆಯಿರಿ. ಆಮೇಲೆ ಮುಂದಿನೆರಡನ್ನು ಎಡದ್ದು ಕೆಲವು ಸುತ್ತು, ಬಲದ್ದು ಕೆಲವು ಸುತ್ತು ಎಂದು ಸರದಿಯಲ್ಲಿ ಬಿಗಿಯಿರಿ, ನಂತರ ಹಿಂದಿನೆರಡನ್ನು. ಒಂದು ಬದಿ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕ್ಯಾಂಪರ್ ಓರೆಯಾಗಿ ಕೂರುತ್ತದೆ. ಕನಿಷ್ಠ ಒಂದು ಜೊತೆಯ ಎಳೆತ ತುಸು ಮುಂದಕ್ಕೂ ಇರಬೇಕು. ಇಲ್ಲದಿದ್ದರೆ ಏರುದಾರಿಯಲ್ಲಿ ಕ್ಯಾಂಪರ್ ಇಂಚಿಂಚೇ ಹಿಂದೆ ಸರಿಯುತ್ತದೆ.

ಮೊದಲ 10-15 ಮೈಲಿ ಆದಕೂಡಲೇ ನಿಲ್ಲಿಸಿ ನೋಡಿ. ರಬ್ಬರ್ ಮ್ಯಾಟ್ ಭಾರಕ್ಕೆ ಅದುಮಿಕೊಂಡು ಟರ್ನ್‌ಬಕಲ್ ಸಡಿಲವಾಗಿರುವುದು ಖಂಡಿತ. ಮತ್ತೆ ಬಿಗಿದು, ಆಮೇಲೆ ಪ್ರತಿ ಪೆಟ್ರೋಲ್ ನಿಲುಗಡೆಯಲ್ಲಿ ನಾಲ್ಕನ್ನೂ ಕೈಯಿಂದ ಅಲುಗಿಸಿ ನೋಡಿ. ಮಣ್ಣುದಾರಿ ಮುಗಿದು ಡಾಂಬರು ಸಿಕ್ಕಾಗ ಒಮ್ಮೆ ಲಾಕ್‌ನಟ್, ಕಾಟರ್ ಪಿನ್ ಇವೆಯೇ ನೋಡಿ. ಫ್ರೇಮ್ ಬ್ರ್ಯಾಕೆಟ್ಟಿನ ಬೋಲ್ಟ್‌ಗಳನ್ನು ಮೊದಲ ಪ್ರಯಾಣದ ಬಳಿಕ ಒಂದು ಸಲ, ಆಮೇಲೆ ಪ್ರತಿ ಋತುವಿನ ಆರಂಭದಲ್ಲಿ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ.

ಇಳಿಸುವಾಗ ಜ್ಯಾಕ್ ಎತ್ತುವ ಮುಂಚೆ ನಾಲ್ಕೂ ಟರ್ನ್‌ಬಕಲ್ ಕಳಚಿ ನೆಲದ ಮೇಲಿಡಿ, ತೂಗಿಬಿಡಬೇಡಿ. ಒಂದು ಮರೆತು ಉಳಿದಿದ್ದರೂ ವಿದ್ಯುತ್ ಜ್ಯಾಕ್ ಟ್ರಕ್ಕಿನ ಮೂಲೆಯನ್ನೇ ಎತ್ತಲು ಹೊರಡುತ್ತದೆ. ಆಗ ಮೊದಲು ಮುರಿಯುವುದು ಕ್ಯಾಂಪರಿನ ಆಂಕರೋ ಜ್ಯಾಕಿನ ಬ್ರ್ಯಾಕೆಟ್ಟೋ ಆಗಿರುತ್ತದೆ.